ಮೊದಲ ಪಂಕ್ತಿಯಲ್ಲೊಂದು ಜಾಗ

ಆ ವರ್ಷ ಆಕ್ಲೆಂಡಿನ ನಮ್ಮ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಾನು ನಿಂತಿದ್ದೆ. ಯಾರೂ ಕೈಹಿಡಿದು ನಿಲ್ಲಿಸಲಿಲ್ಲ, ಸಿಟ್ಟು ಬಂದು ನಿಂತೆ. ನನ್ನ ಬದುಕಿನ ದೊಡ್ಡ ನಿರ್ಧಾರಗಳನ್ನೆಲ್ಲ ನಾನು ಸಿಟ್ಟಿನಲ್ಲೇ ತೆಗೆದುಕೊಂಡಿದ್ದೇನೆ, ಮದುವೆಯೂ ಸೇರಿದಂತೆ. ಊರು ಹುಬ್ಬಳ್ಳಿ. ಕೆಲಸ ಆಸ್ಪತ್ರೆಯಲ್ಲಿ, ಫಿಸಿಯೋಥೆರಪಿಸ್ಟ್. ಸೊಂಟ ಮುರಿದುಕೊಂಡವರನ್ನು, ಮಂಡಿ ಬದಲಾಯಿಸಿಕೊಂಡವರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸಬೇಕು. ಅಲ್ಲಿ ಸಿಟ್ಟು ತೋರಿಸುವ ಹಾಗಿಲ್ಲ. ಹಾಗಾಗಿ ಉಳಿದದ್ದೆಲ್ಲ ಮನೆಗೂ ಸಂಘಕ್ಕೂ ಹಂಚಿಹೋಗುತ್ತಿತ್ತು.

ಸಿಟ್ಟಿಗೆ ಕಾರಣ ಒಂದು ಊಟ. ನವೆಂಬರಿನ ರಾಜ್ಯೋತ್ಸವವನ್ನು ಆ ಸಲ ದೊಡ್ಡದೊಂದು ಬ್ಯಾಂಕ್ವೆಟ್ ಹಾಲಿನಲ್ಲಿ ಇಟ್ಟುಕೊಂಡಿದ್ದರು. ಬಾಗಿಲಲ್ಲಿ ಕೈಗೆ ಬಣ್ಣದ ಪಟ್ಟಿ ಕಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ಹಾಲ್ ಬೇಗ ಬಿಟ್ಟುಕೊಡಬೇಕಂತೆ, ಎಲ್ಲರ ಕೈಗೂ ಒಂದೊಂದು ಫಾಯಿಲ್ ಡಬ್ಬಿ ಕೊಟ್ಟು ಕಳಿಸಿಬಿಟ್ಟರು. ಹೊರಗೆ ಬಂದು ನೋಡಿದರೆ ಕಾರ್ ಪಾರ್ಕಿನ ತುಂಬ ನಮ್ಮವರೇ. ಕಾರಿನ ಬಾಗಿಲು ಹಾಕಿಕೊಂಡು, ಮೊಣಕಾಲ ಮೇಲೆ ಡಬ್ಬಿ ಇಟ್ಟುಕೊಂಡು ಪನೀರು ತಿನ್ನುತ್ತಿದ್ದಾರೆ. ಪಕ್ಕದ ಕಾರಿನವರು ಯಾರು, ಎಲ್ಲಿಯವರು, ಒಬ್ಬರಿಗೂ ಗೊತ್ತಿಲ್ಲ. ನಾನು ನನ್ನ ಡಬ್ಬಿ ತೆರೆಯದೆ ಮನೆಗೆ ತಂದು, ದಾರಿಯುದ್ದಕ್ಕೂ ಗಂಡನ ಮೇಲೆ ಹರಿಹಾಯ್ದೆ. ಇಲ್ಲೇ ಹುಟ್ಟಿದ ಮಗಳು ಹಿಂದಿನ ಸೀಟಿನಿಂದ, "ಅಮ್ಮಾ, ಇಟ್ಸ್ ಜಸ್ಟ್ ಲಂಚ್" ಅಂದಳು.

ಜಸ್ಟ್ ಲಂಚ್ ಅಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ನಾನು ಓದಲು ಬಂದಾಗ ಒನೆಹುಂಗಾದ ಒಂದು ಹಳೇ ಮನೆಯಲ್ಲಿ ಫ್ಲಾಟ್‌ಮೇಟ್‌ಗಳ ಜೊತೆ ಇದ್ದೆ. ಗೋಡೆಗೆಲ್ಲ ತಂಡಿ ಹಿಡಿದ ವಾಸನೆ. ವಾರವೆಲ್ಲ ಬ್ರೆಡ್ಡು, ನೂಡಲ್ಸು. ತಿಂಗಳಿಗೊಂದು ಭಾನುವಾರ ಮಾತ್ರ, ಮುಖ್ಯ ಬೀದಿಯ ಹಿಂದಿದ್ದ ಹಾಲಿನಲ್ಲಿ ಸಂಘದ ಊಟ. ಅಲ್ಲೇ ಅಡುಗೆ, ಅಲ್ಲೇ ಬಡಿಸುವುದು. ಉದ್ದುದ್ದ ಟೇಬಲ್ಲುಗಳಿಗೆ ಪೇಪರು ಹಾಸಿ, ಎದುರಾಬದುರು ಪಂಕ್ತಿಯಲ್ಲಿ ಕೂರಿಸಿ, ಉಪ್ಪಿನಕಾಯಿಯಿಂದ ಮಜ್ಜಿಗೆಯವರೆಗೆ ಕ್ರಮವಾಗಿ ಬರುತ್ತಿತ್ತು. ಆಸ್ಪತ್ರೆಯ ದೊಡ್ಡ ಡಾಕ್ಟರ ಪಕ್ಕದಲ್ಲಿ ಪೆಟ್ರೋಲ್ ಬಂಕಿನಲ್ಲಿ ದುಡಿಯುವ ವಿದ್ಯಾರ್ಥಿ, ಅವನ ಎದುರಿಗೆ ಮಸೀದಿಗೆ ಹೋಗುವ ಭಟ್ಕಳದ ಕುಟುಂಬ, ಆಚೆಗೆ ಚರ್ಚಿನಿಂದ ನೇರ ಬಂದ ನರ್ಸುಗಳು. ನನ್ನ ಗಂಡ ನನಗೆ ಮೊದಲು ಕಂಡದ್ದೂ ಅಂಥದೊಂದು ಪಂಕ್ತಿಯಲ್ಲೇ. ಹಪ್ಪಳಕ್ಕೆ ಮೂರನೇ ಸಲ ಕೈಚಾಚಿದ್ದ, ನನಗೆ ಸಿಟ್ಟು ಬಂದಿತ್ತು.

ಆ ಅಡುಗೆಮನೆಯ ಒಡತಿ ಆಂಟಿ. ಮೈಸೂರಿನಲ್ಲಿ ನರ್ಸಿಂಗ್ ಕಲಿತು ಬಂದವರು, ಕ್ರೈಸ್ತರು. ಬೆಳಗಿನ ಪ್ರಾರ್ಥನೆ ಮುಗಿಸಿ, ಸೀರೆಯ ಮೇಲೊಂದು ಹಳೇ ಕಾರ್ಡಿಗನ್ ತೊಟ್ಟು ಹಾಲಿಗೆ ಬಂದರೆಂದರೆ ಅಲ್ಲಿಗೆ ಸಂಘದ ಆಡಳಿತ ಅವರ ಕೈಗೆ. ನನ್ನ ಕಾಲದಲ್ಲಿ ಅಧ್ಯಕ್ಷರು ಒಬ್ಬರ ಮೇಲೊಬ್ಬರು ಬಂದು ಹೋದರು, ಆಂಟಿ ಮಾತ್ರ ಅಲ್ಲೇ ಇದ್ದರು. ಅಧ್ಯಕ್ಷರ ಭಾಷಣ ಉದ್ದವಾದರೆ ಅಡುಗೆಮನೆಯ ಕಿಟಕಿ ತೆರೆದು, "ಸಾರ್, ಅನ್ನ ಆರ್ತಿದೆ" ಅನ್ನುತ್ತಿದ್ದರು. ಭಾಷಣ ಅಲ್ಲಿಗೆ ಮುಗಿಯುತ್ತಿತ್ತು. ಯಾರಿಗೆ ಯಾವ ಕೆಲಸ ಎಂದು ಹಂಚುವುದರಲ್ಲಿ ಅವರದೊಂದು ಪದ್ಧತಿ ಇತ್ತು: ಒಂದೇ ಊರಿನವರನ್ನು ಒಂದೇ ಒಲೆಗೆ ಬಿಡುತ್ತಿರಲಿಲ್ಲ. ಮೈಸೂರಿನವರನ್ನೂ ಧಾರವಾಡದವರನ್ನೂ ಒಂದೇ ಹಂಡೆಯ ಮುಂದೆ ನಿಲ್ಲಿಸುತ್ತಿದ್ದರು. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಅವರು ಕಿತ್ತಾಡಲಿ, ಹಾಗೆ ಕಿತ್ತಾಡಿಯೇ ಒಬ್ಬರಿಗೊಬ್ಬರು ಗುರುತಾಗಲಿ ಅಂತ. ನನಗೆ ಈ ಊರಿನಲ್ಲಿರುವ ಗೆಳತಿಯರೆಲ್ಲ ಆ ಜಗಳಗಳಲ್ಲಿ ಸಿಕ್ಕವರು.

ಆಮೇಲೆ ಜನ ಹೆಚ್ಚಿದರು, ಹಾಲ್ ಸಾಲದಾಯಿತು, ಹೊಸ ಸಮಿತಿಗಳು ಬಂದವು, ಕೇಟರಿಂಗ್ ಬಂತು. ಭಾನುವಾರದ ಊಟ ನಿಂತುಹೋಯಿತು. ಯಾರೂ ನಿಲ್ಲಿಸಲಿಲ್ಲ, ಅದು ತಾನಾಗಿಯೇ ನಿಂತಿತು. ಅದನ್ನು ಮತ್ತೆ ಶುರು ಮಾಡುತ್ತೇನೆ ಎಂಬುದೊಂದೇ ನನ್ನ ಪ್ರಣಾಳಿಕೆ.

ಎದುರಾಳಿ ಮನೆ ಮಾರಿಸುವ ಏಜೆಂಟ್. ಬೆಂಗಳೂರಿನವರು, ಒಳ್ಳೆಯ ಮನುಷ್ಯ, ಆದರೆ ನಗು ಮುಖಕ್ಕೆ ಅಂಟಿಸಿದ ಹಾಗೆ. ಅವರು ಬುದ್ಧಿವಂತರು. ಹಿಂದಿನ ಸಮಿತಿಯ ಖಜಾಂಚಿ, ಅದರ ಹಿಂದಿನ ಸಮಿತಿಯಲ್ಲಿ ವೇದಿಕೆ ನೋಡಿಕೊಳ್ಳುತ್ತಿದ್ದವರು, ಮೈಕಿನವರು, ಹೀಗೆ ಹಳೇ ಆಡಳಿತಗಳ ಒಬ್ಬೊಬ್ಬರನ್ನೇ ಆರಿಸಿಕೊಂಡು 'ಅನುಭವಿ ಸಲಹೆಗಾರರ ತಂಡ' ಎಂದು ಎಲ್ಲರ ಮುಖ ಜೋಡಿಸಿದ ಪೋಸ್ಟರು ಮಾಡಿ ವಾಟ್ಸಾಪಿಗೆ ಬಿಟ್ಟರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಅದೇ ಹೊತ್ತಿಗೆ ಟೀವಿಯಲ್ಲಿ ಯಾವುದೋ ದೊಡ್ಡ ದೇಶದ ಚುನಾವಣೆಯ ಸುದ್ದಿ ಬರುತ್ತಿತ್ತು. ಅಲ್ಲಿ ಅಧ್ಯಕ್ಷರಾಗಲು ಹೊರಟವರೂ ಹಿಂದಿನ ಅಧ್ಯಕ್ಷರ ಹತ್ತಿರ ಕೆಲಸ ಮಾಡಿದವರನ್ನೇ ಸಲಹೆಗಾರರಾಗಿ ಹಿಡಿಯುತ್ತಿದ್ದಾರೆ ಅಂತ. ಪೆನ್‌ರೋಸಿನ ಗೋದಾಮಿನಿಂದ ಆಗಷ್ಟೇ ಬಂದು ಬೂಟು ಬಿಚ್ಚುತ್ತಿದ್ದ ನನ್ನ ಗಂಡ, "ನೋಡು, ಅಷ್ಟು ದೊಡ್ಡ ಮಂದಿನೂ ಹಳಬರ ಮನಿ ಬಾಗಲಾ ಬಡೀತಾರ. ನಿಂದೇನ್ ಸೊಕ್ಕು?" ಅಂದ.

ಮರುದಿನ ಡ್ಯೂಟಿ ಮುಗಿಸಿ ಆಂಟಿಯ ಮನೆಗೆ ಹೋದೆ. ವರಾಂಡದಲ್ಲೇ ರಟ್ಟಿನ ಪೆಟ್ಟಿಗೆಗಳು. ಅವರು ನಿವೃತ್ತರಾಗಿದ್ದರು, ಜೂನಿನಲ್ಲಿ ಶುರುವಾಗುವ ಚಳಿಗಾಲಕ್ಕೆ ಮುಂಚೆ ಕ್ರೈಸ್ಟ್‌ಚರ್ಚಿನ ಮಗಳ ಮನೆಗೆ ಹೊರಡುವವರಿದ್ದರು. ನನಗೆ ಗೊತ್ತೇ ಇರಲಿಲ್ಲ. ನನಗಿಂತ ಮುಂಚೆ ಎದುರಾಳಿ ಬಂದು ಹೋಗಿದ್ದರಂತೆ. ಗೌರವ ಸಲಹೆಗಾರ್ತಿ ಮಾಡ್ತೀವಿ, ವೇದಿಕೆ ಮೇಲೆ ಕೂರಿಸಿ ಶಾಲು ಹೊದಿಸ್ತೀವಿ ಅಂದಿದ್ದರಂತೆ. ಶಾಲು ಬೀರು ತುಂಬ ಇದೆಯಪ್ಪ, ಬೇಕಾದ್ರೆ ಒಂದು ನೀನೇ ತಗೊಂಡ್ಹೋಗು ಎಂದು ಚಹಾ ಕುಡಿಸಿ ಕಳಿಸಿದ್ದರು ಆಂಟಿ. ನಾನು ನಕ್ಕು, ನಿಮ್ಮನ್ನ ಕರೆಯಾಕ ನಾನೂ ಬಂದೀನ್ರಿ, ಆದರ ನನ್ನ ಕಡೆ ಶಾಲೂ ಇಲ್ಲ ಅಂದೆ.

ಅವರು ಬಹಳ ಹೊತ್ತು ಪೆಟ್ಟಿಗೆಗೆ ಟೇಪು ಸುತ್ತಿದರು. ಆಮೇಲೆ ಹೇಳಿದರು:

"ಎಲ್ಲ ಹೇಳ್ಕೊಡ್ತೀನಿ ಕಣೆ. ಯಾರಿಗೆ ಏನು ಹಂಚ್ಬೇಕು, ಎಷ್ಟು ಜನಕ್ಕೆ ಎಷ್ಟು ಬೇಳೆ, ಎಲ್ಲ. ಆದ್ರೆ ಊಟದ ದಿನ ನಾನು ಅಡುಗೆಮನೆಗೆ ಕಾಲಿಡಲ್ಲ. ಮೊದಲನೇ ಪಂಕ್ತಿಲಿ ಕೂತ್ಕೊಂಡು ಉಣ್ಬೇಕು ನಾನು. ಬಿಸಿ ಅನ್ನ. ಮಧ್ಯದಲ್ಲಿ ಯಾರೂ ನನ್ನ ಎಬ್ಬಿಸ್ಬಾರ್ದು. ಅಷ್ಟು ಮಾಡಿಸ್ತೀಯಾ?"

ತಮಾಷೆ ಇರಬೇಕೆಂದು ನಗಲು ಹೋದೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಆಮೇಲೆ ನೆನಪು ಮಾಡಿಕೊಂಡೆ. ಅಷ್ಟು ವರ್ಷಗಳಲ್ಲಿ ಆಂಟಿ ಪಂಕ್ತಿಯಲ್ಲಿ ಕೂತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಬಡಿಸುವವರು ಕೊನೆಗೆ ಉಣ್ಣುವುದು ನಮ್ಮಲ್ಲಿ ರೂಢಿ. ಆಂಟಿ ಆ ಬಡಿಸುವವರಿಗೂ ಬಡಿಸಿ, ಸಿಂಕಿನ ಪಕ್ಕದಲ್ಲಿ ನಿಂತು, ತಳ ಕಂಡ ಪಾತ್ರೆಯಿಂದಲೇ ಅನ್ನ ಮೊಸರು ಕಲಸಿ ತಿನ್ನುತ್ತಿದ್ದರು. ಅವರಿಗೆ ಅದೇ ಇಷ್ಟವೇನೋ ಎಂದುಕೊಂಡಿದ್ದೆವು ನಾವೆಲ್ಲ. ಆಯ್ತ್ರೀ ಆಂಟಿ, ನಿಮ್ಮಾಣೆ, ಮಾಡಸ್ತೀನಿ ಅಂದೆ.

ಡಿಸೆಂಬರ್ ಜನವರಿಯ ಆ ಬೇಸಿಗೆಯ ವಾರಗಳನ್ನು ಈಗ ನೆನೆದರೆ ನನಗೆ ಖುಷಿಯಾಗುತ್ತದೆ. ಆಂಟಿ ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂರುವರು. ಮೆಸೇಜು ಕಳಿಸಬೇಡ, ಫೋನ್ ಮಾಡು. ಫೋನ್ ಮಾಡಿದವರ ಮನೆಗೆ ಹೋಗು. ಹೋದಲ್ಲಿ ಭಾಷಣ ಬಿಗಿಯಬೇಡ, ಅವರ ಊರು ಯಾವುದು ಕೇಳು: ಇದಿಷ್ಟು ಅವರ ರಾಜಕೀಯ ಸಲಹೆ. ಒಂದು ಶನಿವಾರ ಪುಕೆಕೊಹೆಗೆ ಕರೆದುಕೊಂಡು ಹೋದರು. ಕೆಂಪು ಮಣ್ಣು, ಸಾಲು ಸಾಲು ಈರುಳ್ಳಿ. ಹಳೇ ದಿನಗಳಲ್ಲಿ ಸಂಘಕ್ಕೆ ತರಕಾರಿ ಕೊಡುತ್ತಿದ್ದ ಹೊಲದವರು ಶೆಡ್ಡಿನಿಂದ ಬಂದು ಆಂಟಿಯನ್ನು ಅಪ್ಪಿಕೊಂಡರು. ಇವಳು ನನ್ನ ಹೊಸ ಅಧ್ಯಕ್ಷೆ ಎಂದು ಆಂಟಿ ನನ್ನನ್ನು ಪರಿಚಯಿಸಿದರು, ಚುನಾವಣೆಗೆ ಇನ್ನೂ ದಿನವಿತ್ತು. ವಾಪಸು ಬರುವಾಗ ಕಾರಿನ ತುಂಬ ಕೊತ್ತಂಬರಿ ಘಮ. ಆಂಟಿ ಮೈಸೂರಿನ ಹಾಸ್ಟೆಲ್ಲು, ಅಲ್ಲಿನ ಮೇಟ್ರನ್ನು, ರಾತ್ರಿ ಪಾಳಿ ಮುಗಿಸಿ ಬಂದವರಿಗೆ ತಣ್ಣನೆ ಅನ್ನವನ್ನೇ ಕೊಡುತ್ತಿದ್ದದ್ದು, ಇವನ್ನೆಲ್ಲ ಹೇಳುತ್ತಾ ಬಂದರು. ಅಲ್ಲಿಂದ ಶುರುವಾಗಿದ್ದು ನೋಡು ನನ್ನ ತಂಗಳು ಜಾತಕ ಎಂದು ತಮ್ಮನ್ನೇ ಆಡಿಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಕಾರು ಓಡಿಸುವಷ್ಟು ಹೊತ್ತೂ ಆ ಮಾತು ನನ್ನನ್ನು ಕುಟುಕುತ್ತಿತ್ತು.

ಆದರೆ ಒಂದು ತೊಡಕಿತ್ತು. ಯಾರ ಮನೆಗೆ ಹೋದರೂ, ಆಂಟಿ ನಿಮ್ಮ ಕಡೆ ಅಂತೆ, ಹಾಗಿದ್ರೆ ಮತ್ತೆ ಅವರ ಕೈ ಹುಳಿ ಸಿಗುತ್ತೆ, ವೋಟು ನಿಮಗೇ ಅನ್ನುತ್ತಿದ್ದರು. ಆಂಟಿ ಪಕ್ಕದಲ್ಲಿ ಕಣ್ಣು ತಗ್ಗಿಸಿಕೊಂಡು ಬಿಸ್ಕತ್ತು ಮುರಿಯುತ್ತಿದ್ದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನನಗೆ ಬರುತ್ತಿದ್ದ ವೋಟೆಲ್ಲ ಆ ಹುಳಿಯದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಂಡ, ಚುನಾವಣಿ ಮುಗಿಯೂತನಕ ಬಾಯಿ ಮುಚ್ಚಿಕೊಂಡಿರು, ಆಮೇಲೆ ಹೇಳಿದರಾಯ್ತು ಅಂದ. ನನಗೂ ಅದೇ ಸರಿ ಅನ್ನಿಸಿತ್ತು.

ಸರ್ವಸದಸ್ಯರ ಸಭೆ ಫೆಬ್ರುವರಿಯಲ್ಲಿ ನಡೆಯಿತು. ಎದುರಾಳಿ ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸಿ ಚಂದವಾಗಿ ಮಾತಾಡಿದರು. ನಾನು ಊಟದ ಬಗ್ಗೆ ಮಾತಾಡಿದೆ. ಜನ ಚಪ್ಪಾಳೆ ತಟ್ಟಿದರು, ಗೆದ್ದೆ ಅಂದುಕೊಂಡೆ. ಆಗ ಹಿಂದಿನ ಸಾಲಿನಿಂದ ಒಬ್ಬ ಅಂಕಲ್ ಎದ್ದು ನಿಂತು, ಅಡುಗೆಮನೆ ಆಂಟಿಯೇ ನೋಡ್ಕೋತಾರೆ ತಾನೇ, ಅಷ್ಟು ಹೇಳಿಬಿಡಿ ಸಾಕು ಅಂದರು. ಎಲ್ಲರೂ ತಿರುಗಿ ಆಂಟಿಯನ್ನು ನೋಡಿದರು. ಪ್ರೀತಿಯಿಂದಲೇ ನೋಡಿದರು, ಅದೇ ಕಷ್ಟ. ಆಂಟಿ ನನ್ನನ್ನು ನೋಡಲಿಲ್ಲ. ಮಡಿಲಲ್ಲಿದ್ದ ಕೈಚೀಲದ ಜಿಪ್ಪನ್ನು ತೆರೆಯುತ್ತಾ ಮುಚ್ಚುತ್ತಾ ಕೂತಿದ್ದರು. ಇನ್ನೊಂದು ಕ್ಷಣ ಬಿಟ್ಟರೆ ಅವರೇ ಎದ್ದು ಹೂಂ ಅಂದುಬಿಡುತ್ತಾರೆ ಅನ್ನಿಸಿತು ನನಗೆ.

"ಇಲ್ರೀ," ಅಂದೆ ಮೈಕಿನಲ್ಲಿ. "ಆಂಟಿ ಇನ್ನ ಅಡಗಿ ಮಾಡೂದಿಲ್ಲ. ಅವರು ಉಣ್ಣಾಕ ಬರ್ತಾರ. ಮೊದಲನೇ ಪಂಕ್ತಿಯೊಳಗ ಕೂಡ್ತಾರ. ಅಡಗಿ ನಾವು ಮಾಡೂಣು."

ನಾವು ಅಂದರೆ ಯಾರು ಎಂದು ಎಲ್ಲರೂ ಪಕ್ಕದವರ ಮುಖ ನೋಡಿಕೊಂಡರು. ನಾನು ಸೋತೆ. ಕೆಲವೇ ವೋಟಿನಿಂದ ಸೋತೆ, ಅದು ಇನ್ನೂ ಉರಿ. ಆಂಟಿಯನ್ನು ನಮ್ಮ ಕಾರಿನಲ್ಲೇ ಮನೆಗೆ ಬಿಟ್ಟೆವು. ಆಂಟಿ ಮನೆಯ ಮುಂದೆ ಇಳಿಯುವಾಗ ನನ್ನ ಕೆನ್ನೆ ಸವರಿ, ಹೋಗ್ಲಿ ಬಿಡೆ, ನನ್ನದೇನು ದೊಡ್ಡ ಆಸೆ ಅಂದರು. ನಾನು ಅವತ್ತು ಅತ್ತೆ. ಸೋತದ್ದಕ್ಕಲ್ಲ, ಆ 'ಹೋಗ್ಲಿ ಬಿಡೆ'ಗೆ.

ವಾರ ಕಳೆದಿರಬೇಕು, ಹೊಸ ಅಧ್ಯಕ್ಷರ ಫೋನು. ಮಾರಾಟದ ಮನುಷ್ಯ, ಜನಕ್ಕೆ ಏನು ಬೇಕೆಂದು ಚಪ್ಪಾಳೆಯಲ್ಲೇ ಅಳೆದಿದ್ದರು. ಯುಗಾದಿಗೆ ಹಳೇ ಹಾಲಿನಲ್ಲೇ ಪಂಕ್ತಿ ಊಟ ಮಾಡಿಸೋಣ, ನೀವೇ ಮುಂದೆ ನಿಂತು ಮಾಡ್ಸಿ ಮೇಡಂ, ನಮ್ಮ ಸಲಹೆಗಾರರ ತಂಡಕ್ಕೆ ಸೇರ್ಕೊಳ್ಳಿ ಅಂದರು. ಆ ಪೋಸ್ಟರಿನಲ್ಲಿ ನನ್ನ ಮುಖವೂ ಬರುತ್ತದಲ್ಲ ಎಂದು ಹಲ್ಲು ಕಡಿದೆ. ಆದರೆ ಯುಗಾದಿ ಆಂಟಿ ಹೊರಡುವುದಕ್ಕೆ ಮುಂಚೆ ಬರುತ್ತಿತ್ತು. ಹೂಂ ಅಂದೆ, ನನ್ನದೊಂದೇ ಷರತ್ತು ಎಂದು ಆಂಟಿಯ ಷರತ್ತನ್ನು ಹಾಗೆಯೇ ಮುಂದಿಟ್ಟೆ. ಅಯ್ಯೋ, ಅದಕ್ಕೇನಂತೆ, ಡನ್ ಅಂದರು.

ಯುಗಾದಿಯ ಭಾನುವಾರ ಬೆಳಕು ಹರಿಯುವಾಗಲೇ ಹಾಲಿನ ಬೀಗ ತೆಗೆದೆ. ಅದೇ ಸ್ಟೀಲ್ ಸಿಂಕು, ಅದೇ ಕಿರುಗುಡುವ ಕಿಟಕಿ. ಜನ ಬರುತ್ತಾರೋ ಇಲ್ಲವೋ ಎಂದು ಮತ್ತೆ ಮತ್ತೆ ರಸ್ತೆ ನೋಡಿದೆ. ಬಂದರು. ಹತ್ತು ವರ್ಷದಿಂದ ಮನೆಯಲ್ಲಿ ಮೂವರಿಗಷ್ಟೇ ಅಡುಗೆ ಮಾಡಿ ಗೊತ್ತಿದ್ದವರು ಹಂಡೆಯ ಮುಂದೆ ನಿಂತು ಒದ್ದಾಡಿದರು, ಬೆಲ್ಲಕ್ಕೆ ಜಗಳಾಡಿದರು. ನನ್ನ ಗಂಡ ಯೂಟ್ ಎಂಬ ಪುಟ್ಟ ಟ್ರಕ್ಕಿನ ತುಂಬ ಕುಂಬಳಕಾಯಿ ತಂದು ಸುರಿದ. ಉಪ್ಪನ್ನು ಒಬ್ಬರೇ ಹಾಕಬೇಕು, ನಾಲ್ಕು ಕೈ ಸೇರಿದರೆ ಕೆಡುತ್ತದೆ ಎಂದು ಆಂಟಿ ಹಿಂದಿನ ದಿನವಷ್ಟೇ ಹೇಳಿದ್ದರು. ಹಾಗಾಗಿ ಉಪ್ಪಿನ ಡಬ್ಬಿ ಯಾರೂ ಮುಟ್ಟುವ ಹಾಗಿಲ್ಲ, ನಾನೇ ಹಾಕ್ತೀನಿ ಎಂದು ಸಾರಿದ್ದೆ.

ಆಂಟಿ ಬಂದರು. ಹಸಿರು ರೇಷ್ಮೆ ಸೀರೆ, ಕಾರ್ಡಿಗನ್ ಇಲ್ಲ. ಬಂದ ಗಳಿಗೆಯಿಂದ ಒಬ್ಬರಾದ ಮೇಲೊಬ್ಬರು ಸೌಟು ಹಿಡಿದು ಅವರ ಹತ್ತಿರ ಓಡತೊಡಗಿದರು. ಆಂಟಿ ಹದ ನೋಡಿ, ಆಂಟಿ ಒಗ್ಗರಣೆಗೆ ಇಂಗು ಸಾಕಾ, ಆಂಟಿ ನಿಮ್ಮ ಕೈಯಿಂದ ಒಂದು ಹಿಡಿ ಕೊತ್ತಂಬರಿ. ಇದೆಲ್ಲ ಮರ್ಯಾದೆಯೇ, ಗೊತ್ತು. ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರನ್ನೇ ಗದರಿ ಒಳಗಟ್ಟಿದೆ. ಆ ಕಾವಲಿನಲ್ಲಿ ಮೊದಲ ಪಂಕ್ತಿ ಕೂತಿತು, ಪಲ್ಯ ಬಂತು, ಅನ್ನ ಬಂತು, ಹುಳಿ ಬಂತು.

ಹುಳಿ ಬಡಿಸುತ್ತಿದ್ದವಳು ನಾನೇ. ಪಂಕ್ತಿಯ ಗಲಾಟೆ ಮೆಲ್ಲಗೆ ಇಳಿಯಿತು. ಒಬ್ಬರು ತುತ್ತು ಬಾಯಲ್ಲಿಟ್ಟು ನಿಲ್ಲಿಸಿದರು, ಅವರ ಪಕ್ಕದವರೂ ನಿಲ್ಲಿಸಿದರು. ನನಗೆ ಆಗ ಹೊಳೆಯಿತು. ಇಡೀ ಹಂಡೆಗೆ ಉಪ್ಪೇ ಬಿದ್ದಿಲ್ಲ. ಬಕೆಟ್ಟು ಹಿಡಿದುಕೊಂಡು ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಅಧ್ಯಕ್ಷರು, ನಗು ಒಂದಿಷ್ಟೂ ಮಾಸದೆ, ಆಂಟಿಯ ಕುರ್ಚಿಯ ಹಿಂದೆ ಬಂದು ಬಗ್ಗಿ, ಒಂದೇ ಒಂದ್ನಿಮಿಷ ಒಳಗೆ ಬಂದು ಸರಿಮಾಡಿಕೊಡಿ ಆಂಟಿ ಎಂದು ಮೆಲ್ಲಗೆ ಅಂದರು.

ಆಂಟಿ ಅಂಗೈಯನ್ನು ಟೇಬಲ್ಲಿಗೆ ಊರಿದರು. ಪಾದ ಹಿಂದಕ್ಕೆ ಎಳೆದುಕೊಂಡು ಮೈಯನ್ನು ಮುಂದಕ್ಕೆ ಬಾಗಿಸಿದರು. ದಿನವೂ ಜನರನ್ನು ಎಬ್ಬಿಸುವವಳು ನಾನು, ಆ ಚಲನೆ ನನಗೆ ಗೊತ್ತು. ಎದ್ದೇಬಿಟ್ಟರು ಎಂದುಕೊಂಡೆ. ಬಕೆಟ್ಟು ಕೆಳಗಿಟ್ಟು ಓಡಿದೆ.

ನಾನು ತಲುಪುವ ಮೊದಲೇ ಆಂಟಿಯ ಎಡಕ್ಕೆ ಕೂತಿದ್ದ ಹುಡುಗಿ ಅವರ ತೋಳು ಹಿಡಿದುಕೊಂಡಿದ್ದಳು. ಕಲಬುರಗಿ ಕಡೆಯ ನರ್ಸು, ಆಗಷ್ಟೇ ಈ ದೇಶಕ್ಕೆ ಬಂದು ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕೆ ಸೇರಿದವಳು. ನಮ್ಮ ಸಂಘಕ್ಕೆ ಅದೇ ಮೊದಲ ಸಲ ಬಂದಿದ್ದಳು, ಅದೂ ಪಂಕ್ತಿ ಕೂತ ಮೇಲೆ. ಅವಳಿಗೆ ಅಲ್ಲಿ ಒಬ್ಬರ ಗುರುತೂ ಇರಲಿಲ್ಲ.

"ಎಲ್ಲಿಗೆ ಹೊಂಟ್ರಿ ಆಂಟಿ? ಕೂಡ್ರಿ, ಅನ್ನ ಆರ್ತದ," ಅಂದಳು. ಕೈಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದು, ಆಂಟಿಯ ಎಲೆಯ ತುದಿಗೆ ಶೇಂಗಾ ಹಿಂಡಿ, ನಮ್ಮ ಕಡೆಯ ಉಪ್ಪು ಖಾರದ ಚಟ್ನಿಪುಡಿ, ಉದುರಿಸಿದಳು. "ಸಾರಿಗಿ ಉಪ್ಪಿಲ್ಲ, ಅಷ್ಟೇ. ಇದ ಕಲಸ್ಕೊಂಡು ಉಣ್ರಿ. ನೀವೂ ನನ್ನಂಗ ಹೊಸಾದಾಗಿ ಬಂದೀರೇನ್ರಿ? ನಾಚಬ್ಯಾಡ್ರಿ, ಹೊಟ್ಟಿ ತುಂಬ ಉಣ್ರಿ."

ಅಧ್ಯಕ್ಷರು, ಅಲ್ಲಮ್ಮ, ಇವರು ಯಾರು ಗೊತ್ತಾ, ಎಂದು ಶುರುಮಾಡಿದರು. ನಾನು ಅವರ ಅಂಗಿಯ ತೋಳು ಹಿಡಿದು ಜಗ್ಗಿದೆ. ಆಂಟಿ ಆ ಹುಡುಗಿಯ ಮುಖವನ್ನು ಒಂದು ಗಳಿಗೆ ನೋಡಿದರು. ಊರಿದ್ದ ಅಂಗೈಯನ್ನು ಟೇಬಲ್ಲಿನಿಂದ ತೆಗೆದು ಕುರ್ಚಿಗೆ ಬೆನ್ನು ಆನಿಸಿದರು.

"ಹೂಂ ಕಣಮ್ಮ," ಅಂದರು. "ಹೊಸಬಳೇ. ಇವತ್ತೇ ಬಂದಿದ್ದು."

ಅಧ್ಯಕ್ಷರು ಒಳಗೆ ಹೋಗಿ ತಾವೇ ಹಂಡೆಗೆ ಉಪ್ಪು ಹಾಕಿದರು. ಆಂಟಿ ಹಿಂಡಿ ಕಲಸಿಕೊಂಡು, ತಲೆ ಎತ್ತದೆ, ನಿಧಾನವಾಗಿ ಉಂಡರು. ಆಮೇಲೆ ಅನ್ನದ ಪಾತ್ರೆ ಹಿಡಿದು ನಿಂತಿದ್ದ ನನ್ನ ಕಡೆ, ಯಾರೋ ಬಡಿಸುವವಳನ್ನು ನೋಡುವ ಹಾಗೆ ನೋಡಿ, ಇನ್ನೊಂದು ಸ್ವಲ್ಪ ಹಾಕ್ತೀಯೇನಮ್ಮ ಎಂದು ಕೇಳಿದರು. ನಾನು ಹಾಕಿದೆ.